‘ಸರಿ ಸರ್’ ಅಂದರೆ ಸಾಲದು

ಹೇಳಿದ್ದಕ್ಕೆಲ್ಲ ‘ಸರಿ ಸರ್’ ಅಂತ ತಲೆಯಾಡಿಸುವ ಮಗು ಮಾತು ಕೇಳುತ್ತೆ, ‘ಯಾಕೆ ಸರ್?’ ಅಂತ ಕೇಳುವ ಮಗು ಹಟಮಾರಿ ಅಂತ ನಾವು ಕೋಚ್‌ಗಳು ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಎಷ್ಟೋ ಸಲ ಇದು ಉಲ್ಟಾ.

ನಾನು ಈಜು ಕಲಿಸುವವನು, ಅಲ್ಲಿಂದಲೇ ಹೇಳುತ್ತೇನೆ. ಫ್ರೀಸ್ಟೈಲ್‌ನಲ್ಲಿ ಉಸಿರು ತೆಗೆದುಕೊಳ್ಳುವಾಗ ತಲೆ ಮೇಲೆತ್ತಬೇಡ, ಪಕ್ಕಕ್ಕೆ ಹೊರಳಿಸು, ಒಂದು ಕಣ್ಣು ನೀರಲ್ಲೇ ಇರಲಿ ಅಂತ ಹೇಳುತ್ತೇವೆ. ‘ಸರಿ ಸರ್.’ ಅರ್ಧ ದೂರ ಹೋಗುವಷ್ಟರಲ್ಲಿ ತಲೆ ಮತ್ತೆ ಮೇಲೆ, ಸೊಂಟ ಕೆಳಗೆ, ಕಾಲು ಮುಳುಗುತ್ತಿರುತ್ತದೆ. ಹಟ ಅಲ್ಲ ಅದು. ಹಳೇ ರೀತಿಯಲ್ಲಿ ಉಸಿರು ಸಿಗುತ್ತೆ ಅನ್ನೋದು ಮಗುವಿಗೆ ಗ್ಯಾರಂಟಿ. ಹೊಸದರಲ್ಲಿ ನೀರು ಬಾಯಿಗೆ ಹೋಗುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ, ಪಕ್ಕದ ಲೇನ್‌ನ ಚಿಕ್ಕ ಹುಡುಗಿ ಮುಂದೆ ಹೋಗುತ್ತಾಳೆ. ಯಾರಿಗೆ ಬೇಕು ಅದು?

ಅದಕ್ಕೇ ತಿದ್ದುವ ಮೊದಲೇ ಹೇಳಿಬಿಡಿ: ‘ಸ್ವಲ್ಪ ದಿನ ನೀನು ಈಗಿನದಕ್ಕಿಂತ ನಿಧಾನ ಆಗ್ತೀಯ, ಆಗಲಿ, ಆ ದಿನಗಳಲ್ಲಿ ನಾನು ಸ್ಟಾಪ್‌ವಾಚ್ ಹಿಡಿಯಲ್ಲ.’ ಹಿಡಿಯಲೂಬೇಡಿ ಮತ್ತೆ. ಸ್ವಲ್ಪ ದೊಡ್ಡ ಮಕ್ಕಳಿಗೆ ನಾನು ಟೈಗರ್ ವುಡ್ಸ್ ವಿಷಯ ಹೇಳುತ್ತೇನೆ. 1997ರಲ್ಲಿ, 21ನೇ ವಯಸ್ಸಿನಲ್ಲಿ, ಮಾಸ್ಟರ್ಸ್ ಗಾಲ್ಫ್ ಟೂರ್ನಿಯನ್ನು 12 ಸ್ಟ್ರೋಕ್‌ಗಳ (ಹೊಡೆತಗಳ) ಅಂತರದಲ್ಲಿ ಗೆದ್ದವರು, ಅದಾದ ಮೇಲೆ ಕೋಚ್ ಬುಚ್ ಹಾರ್ಮನ್ ಜೊತೆ ಕೂತು ತಮ್ಮ ಸ್ವಿಂಗನ್ನೇ, ಅಂದರೆ ಕೋಲು ಬೀಸುವ ರೀತಿಯನ್ನೇ, ಬದಲಾಯಿಸಿಕೊಂಡರು. 1998ರಲ್ಲಿ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ ಸಿಕ್ಕಿದ್ದು ಒಂದೇ ಗೆಲುವು. 2000ದಲ್ಲಿ ಒಂಬತ್ತು, ಅದರಲ್ಲಿ ಮೂರು ಮೇಜರ್, ಅಂದರೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳು. ಗೆದ್ದವರೂ ತಿದ್ದಿಸಿಕೊಳ್ಳುತ್ತಾರೆ ಅಂತ ಗೊತ್ತಾದಾಗ, ತಿದ್ದಿಸಿಕೊಳ್ಳುವುದು ಅವಮಾನ ಅನ್ನೋ ಭಾವನೆ ಮಕ್ಕಳಲ್ಲಿ ಅರ್ಧ ಕರಗುತ್ತೆ.

ಇನ್ನೊಂದು ಅಭ್ಯಾಸ. ಹೇಳಿ ಮುಗಿಸಿದ ಮೇಲೆ ‘ಅರ್ಥ ಆಯ್ತಾ?’ ಅನ್ನಬೇಡಿ, ಆಯ್ತು ಅಂತಲೇ ಉತ್ತರ ಬರುತ್ತೆ. ‘ಈಗ ಏನು ಬದಲಾಯಿಸ್ತೀಯ, ನೀನೇ ಹೇಳು’ ಅನ್ನಿ. ಹತ್ತು ವರ್ಷದ ಮಗು ತನ್ನದೇ ಮಾತಲ್ಲಿ ‘ಕಿವಿ ನೀರಿಗೆ ಅಂಟಿಕೊಂಡಿರಬೇಕು’ ಅಂದರೆ, ನನ್ನ ಐದು ನಿಮಿಷದ ವಿವರಣೆಗಿಂತ ಅದೇ ಅದರ ತಲೆಯಲ್ಲಿ ಉಳಿಯುತ್ತೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಕೈ, ಕಾಲು, ಉಸಿರು ಎಲ್ಲ ಒಟ್ಟಿಗೆ ಹೇಳಿದರೆ ಯಾವುದೂ ಆಗಲ್ಲ.

ಸೋತ ತಕ್ಷಣ ಪಾಠ ಬೇಡ, ಮರುದಿನ ಸಾಕು. ಅಪ್ಪ ಅಮ್ಮಂದಿರಿಗೂ ಇದೇ ಮಾತು. ಮನೆಗೆ ಹೋಗುವ ದಾರಿಯಲ್ಲಿ ಕೋಚ್ ಹೇಳಿದ್ದಕ್ಕೆ ವಿರುದ್ಧ ಸಲಹೆ ಕೊಟ್ಟರೆ, ಮಗು ಇಬ್ಬರ ಮಾತನ್ನೂ ಬಿಡುತ್ತೆ. ಅನುಮಾನ ಇದ್ದರೆ ನೇರವಾಗಿ ಬಂದು ನಮ್ಮನ್ನೇ ಕೇಳಿ, ಬೇಜಾರಿಲ್ಲ.

ಹಾಗಂತ ಎಲ್ಲದಕ್ಕೂ ಒಪ್ಪುವ ಮಗುವನ್ನು ತಯಾರು ಮಾಡಬೇಕಿಲ್ಲ. ‘ಹೀಗೆ ಮಾಡಿದರೆ ಭುಜ ನೋಯುತ್ತೆ ಸರ್’ ಅಂತ ಹೇಳುವ ಧೈರ್ಯ ಅದಕ್ಕೆ ಬೇಕೇ ಬೇಕು. ಆ ಮಾತು ಬಂದಾಗ ಸಬೂಬು ಅಂದುಕೊಳ್ಳದೆ ಈಜು ನಿಲ್ಲಿಸಿ, ಎಲ್ಲಿ ನೋವು, ಕೈ ಎತ್ತುವಾಗಲಾ ಎಳೆಯುವಾಗಲಾ ಅಂತ ಕೇಳಿ. ಅವತ್ತು ನಾವು ಕೇಳಿಸಿಕೊಂಡರೆ, ನಾಳೆ ನಾವು ಹೇಳಿದ್ದನ್ನು ಅದೂ ಮನಸ್ಸಿಟ್ಟು ಕೇಳುತ್ತೆ.