ಹೊರಗೋಡೆಯ ಗಿಲಾವು ಉದುರುತ್ತಿದ್ದರೆ ಇನ್ನೂ ಗಟ್ಟಿ ಸಿಮೆಂಟ್ ಹಾಕಿಸಬೇಕೇ?

ಪ್ರಶ್ನೆ: ಕಾರವಾರದಲ್ಲಿ ಸಮುದ್ರದಂಡೆಗೆ ಹತ್ತಿರ ನಮ್ಮದೊಂದು ಹಳೆಯ ಚಿರೆಕಲ್ಲಿನ ಮನೆಯಿದೆ. ಪಶ್ಚಿಮದ ಗೋಡೆಯ ಗಿಲಾವು ಮಳೆಗಾಲ ಮುಗಿಯುವಷ್ಟರಲ್ಲಿ ಉಬ್ಬಿ ಉದುರುತ್ತದೆ. ಸಿಮೆಂಟ್ ಮೆತ್ತಿ ಬಣ್ಣ ಹೊಡೆಸಿದರೂ ಮತ್ತೆ ಅದೇ ಕಥೆ. ಸಿಮೆಂಟಿನ ಪ್ರಮಾಣವನ್ನು ಹೆಚ್ಚಿಸಿದರೆ ನಿಲ್ಲಬಹುದೇ?

ಉತ್ತರ: ಹೆಚ್ಚಿಸಬೇಡಿ, ತೊಂದರೆ ಬೆಳೆಯುವುದೇ ಅಲ್ಲಿಂದ. ಚಿರೆಕಲ್ಲು ರಂಧ್ರಗಳಿರುವ ಕಲ್ಲಾದ್ದರಿಂದ ನೀರನ್ನು ಹೀರಿಕೊಳ್ಳುತ್ತದೆ ಮತ್ತು ಬಿಸಿಲು ಬಂದಾಗ ಅದನ್ನು ಆವಿಯಾಗಿ ಹೊರಬಿಡುತ್ತದೆ. ಸುಣ್ಣದ ಗಾರೆ ಈ ಆವಿಯನ್ನು ತಡೆಯುವುದಿಲ್ಲ. ಗಟ್ಟಿ ಸಿಮೆಂಟ್ ಗಾರೆಯಾದರೋ ಕಲ್ಲಿನೊಂದಿಗೆ ಹೊಂದಿಕೊಳ್ಳದೆ ಕೂದಲೆಳೆಯಂತಹ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಸುಲಭವಾಗಿ ಒಳಹೋದ ನೀರು ಅಷ್ಟೇ ಸುಲಭವಾಗಿ ಹೊರಬರಲಾರದು. ಕಡಲ ಗಾಳಿಯ ಉಪ್ಪೂ ಆ ನೀರಿನಲ್ಲಿ ಕರಗಿ ಒಳಸೇರುತ್ತದೆ, ಗೋಡೆ ಒಣಗುವಾಗ ಗಿಲಾವಿನ ಹಿಂದೆಯೇ ಹರಳುಗಟ್ಟಿ ಅದನ್ನು ಕಲ್ಲಿನಿಂದ ಎಬ್ಬಿಸುತ್ತದೆ. ಉದುರಿದ ಜಾಗದಲ್ಲಿ ಕಾಣುವ ಬಿಳಿಯ ಪುಡಿ ಇದರದೇ ಗುರುತು.

ಆದ್ದರಿಂದ ಮೊದಲು ನೀರು ಬರುವ ದಾರಿಯನ್ನು ಹುಡುಕಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ನೈಋತ್ಯದ ಗಾಳಿ ಇರಚಲನ್ನು ನೇರವಾಗಿ ಗೋಡೆಗೆ ಬಡಿಯುತ್ತದೆ. ಅದರ ಜೊತೆಗೆ ಒಡೆದ ಹಂಚು, ಕಸ ತುಂಬಿದ ಮಾಡಿನ ದೋಣಿ (ಮಳೆನೀರು ಹರಿಯುವ ಕೊಳವೆ), ನೀರು ಗೋಡೆಗೆ ಹರಿಯದೆ ಅಂಚಿನಲ್ಲೇ ತೊಟ್ಟಿಕ್ಕುವಂತೆ ಕೆಳಮೈಯಲ್ಲಿ ಸಣ್ಣ ತೋಡಿಲ್ಲದ ಛಜ್ಜಾ (ಕಿಟಕಿಯ ಮೇಲಿನ ಚಾಚು), ಅಂಗಳದಿಂದ ಸಿಡಿದು ಗೋಡೆಯ ಬುಡಕ್ಕೆ ತಾಗುವ ನೀರು, ಇವೆಲ್ಲವನ್ನೂ ಸರಿಪಡಿಸದೆ ಗಿಲಾವಿಗೆ ಕೈಹಾಕಿದರೆ ಹಣ ನೀರಿಗೆ ಹೋದಂತೆಯೇ.

ದುರಸ್ತಿಗೆ ನವೆಂಬರ್ ನಂತರದ ಒಣ ತಿಂಗಳುಗಳು ಸರಿಯಾದ ಕಾಲ. ಮಳೆ ನಿಂತೊಡನೆ ಗೋಡೆ ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಮೇ ಕೊನೆಯಲ್ಲಿ ಅವಸರದಿಂದ ಮಾಡಿಸಿದ ಕೆಲಸ ಒಣಗುವ ಮೊದಲೇ ಮಳೆಗೆ ಸಿಗುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬರುವಷ್ಟು ಭಾಗವನ್ನು ಪೂರ್ತಿ ಕಿತ್ತು ತೆಗೆಸಿ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಭಾಗವನ್ನು ಕೀಳಿಸಲು ಮನಸ್ಸು ಬಾರದಿರಬಹುದು, ಆದರೂ ಅಲ್ಲಿ ಜಿಪುಣತನ ಬೇಡ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಬೇಕು. ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೆ ಇಳಿಯುತ್ತದೆ.

ಹಳೆಯ ಗೋಡೆ ಸುಣ್ಣದ ಗಾರೆಯದಾಗಿದ್ದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯೇ ಒಪ್ಪುತ್ತದೆ. ಸಿಮೆಂಟಿನಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್, ಸುಣ್ಣ, ಮರಳನ್ನು 1:1:6ರ ಪ್ರಮಾಣದಲ್ಲಿ ಬೆರೆಸಬಹುದು. ಸಮುದ್ರದ ಮರಳನ್ನು ಮಾತ್ರ ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಳಸಬಾರದು. ಗೋಡೆಯನ್ನು ನೀರು ಚಿಮುಕಿಸಿ ತೇವ ಮಾಡಿಕೊಂಡು, ಸುಮಾರು 12 ಮಿಲಿಮೀಟರ್ ದಪ್ಪದ ಮೊದಲ ಪದರ ಹಾಕಿ, ಅದು ಹಸಿಯಿರುವಾಗಲೇ ಗೀರು ಎಳೆದು, ಗಟ್ಟಿಯಾದ ಮೇಲೆ ತೆಳುವಾದ ಎರಡನೆಯ ಪದರ ಕೊಡಬೇಕು. ಸಿಮೆಂಟ್ ಬೆರೆತ ಗಾರೆಗೆ ಕನಿಷ್ಠ ಏಳು ದಿನ ನೀರುಣಿಸಿ, ಸುಮಾರು ಒಂದು ತಿಂಗಳ ನಂತರ ಬಣ್ಣ ಹಚ್ಚಿ. ಸುಣ್ಣದ ಗಾರೆ ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕು, ಅದಕ್ಕೆ ಸುಣ್ಣ ಬಳಿಯುವುದೇ ಉತ್ತಮ. ಪ್ಲಾಸ್ಟಿಕ್ ಹಾಳೆಯಂತೆ ಗೋಡೆಯನ್ನು ಮುಚ್ಚುವ ಬಣ್ಣಗಳು ಹಳೆಯ ಚಿರೆಕಲ್ಲಿಗೆ ಹೇಳಿಸಿದವಲ್ಲ.

ಮಳೆಗಾಲಕ್ಕೆ ಮುನ್ನ ಪಶ್ಚಿಮದ ಗೋಡೆಗೆ ಸೋಗೆಯ ಅಥವಾ ತೆಂಗಿನ ಗರಿಯ ತಟ್ಟಿ ಕಟ್ಟುವ ನಮ್ಮ ಜಿಲ್ಲೆಯ ಹಳೆಯ ರೂಢಿ, ನನ್ನ ಅಭಿಪ್ರಾಯದಲ್ಲಿ, ಯಾವುದೇ ದುಬಾರಿ ಲೇಪನಕ್ಕಿಂತ ಮೇಲು. ತಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಗೇಣಿನಷ್ಟು ಜಾಗ ಬಿಟ್ಟರೆ ಸಾಕು.

ಇನ್ನೊಂದು ಮಾತು. ಸ್ಲ್ಯಾಬಿನ ಅಂಚಿನಲ್ಲೋ ಛಜ್ಜಾದ ಕೆಳಗೋ ಕಂದು ಕಲೆಯೊಂದಿಗೆ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ, ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿರುವ ಸಾಧ್ಯತೆಯೇ ಹೆಚ್ಚು. ಅದರ ಮೇಲೆ ಗಾರೆ ಮೆತ್ತಿಸುವ ಮೊದಲು ಎಂಜಿನಿಯರರೊಬ್ಬರಿಗೆ ತೋರಿಸಿ.