ಬೆಲ್ಜಿಯನ್ ಬ್ಲೂ: ಹೊಟ್ಟೆ ಕುಯ್ದೇ ಕರು ತೆಗೆಯುವ ತಳಿಯ ಕಥೆ

ಬೆಲ್ಜಿಯಂನ ಒಂದು ಕೊಟ್ಟಿಗೆ. ಗಬ್ಬದ ಹಸು ನಿಂತೇ ಇದೆ. ಡಾಕ್ಟರು ಎಡಪಕ್ಕೆಯ ಕೂದಲು ಬೋಳಿಸಿ, ಅಷ್ಟು ಜಾಗ ಮಾತ್ರ ಮರಗಟ್ಟುವಂತೆ ಇಂಜೆಕ್ಷನ್ ಕೊಡುತ್ತಾರೆ. ಚರ್ಮ, ಸ್ನಾಯು, ಆಮೇಲೆ ಗರ್ಭಕೋಶ ಕುಯ್ಯುತ್ತಾರೆ. ಕರುವಿನ ಕಾಲು ಹಿಡಿದು ಇಬ್ಬರು ಎಳೆದು ಹೊರಗೆ ತೆಗೆಯುತ್ತಾರೆ. ಹೊಲಿಗೆ ಮುಗಿಯುವವರೆಗೂ ಹಸು ನಿಂತೇ ಇರುತ್ತದೆ. ಬೆಲ್ಜಿಯನ್ ಬ್ಲೂ ತಳಿಯಲ್ಲಿ ಇದು ತುರ್ತು ಚಿಕಿತ್ಸೆ ಅಲ್ಲ, ರೂಢಿ. 100 ಕರುಗಳಲ್ಲಿ 90ಕ್ಕೂ ಜಾಸ್ತಿ ಹೀಗೇ ಹುಟ್ಟುತ್ತವೆ.

ಉಬ್ಬಿದ ತೊಡೆಯ ಈ ಹೋರಿಗಳ ಫೋಟೊ ನೋಡಿ, ಲ್ಯಾಬಿನಲ್ಲಿ ಮಾಡಿದ ಪ್ರಾಣಿ ಅಂದುಕೊಳ್ಳುವವರಿದ್ದಾರೆ. ಹಾಗೇನಿಲ್ಲ. ಇಂಥ ದನಗಳ ಬಗ್ಗೆ ಇಂಗ್ಲೆಂಡಿನ ಕೃಷಿಕ ಜಾರ್ಜ್ ಕಲಿ 1807ರಲ್ಲೇ ಬರೆದಿದ್ದರು. 19ನೇ ಶತಮಾನದಲ್ಲಿ ಬ್ರಿಟನ್ನಿನ ಶಾರ್ಟ್‌ಹಾರ್ನ್ ಹೋರಿಗಳನ್ನು ತಂದು ಬೆಲ್ಜಿಯಂನ ಊರ ದನಗಳಿಗೆ ಕೂಡಿಸಿದರು. ಆಮೇಲೆ ಎಷ್ಟೋ ದಶಕ ಇದು ಹಾಲಿಗೂ ಮಾಂಸಕ್ಕೂ ಆಗುವ ಸಾಧಾರಣ ತಳಿಯಾಗಿತ್ತು. ದಪ್ಪ ತೊಡೆಯ ಕರು ಅಪರೂಪಕ್ಕೆ ಹುಟ್ಟುತ್ತಿತ್ತು, ಹುಟ್ಟುವಾಗ ಎಷ್ಟೋ ಸಲ ತಾಯಿಯ ಜೀವವನ್ನೂ ತೆಗೆಯುತ್ತಿತ್ತು. ಹಾಗಾಗಿ ಆ ಗುಣ ತಾನಾಗಿಯೇ ಹಿಡಿತದಲ್ಲಿತ್ತು.

ಎರಡನೇ ಮಹಾಯುದ್ಧದ ನಂತರ ಲೆಕ್ಕ ಬದಲಾಯಿತು. ಆ್ಯಂಟಿಬಯೋಟಿಕ್ ಬಂತು, ಕೊಟ್ಟಿಗೆಯಲ್ಲೇ ಸಿಸೇರಿಯನ್ ಮಾಡಿದರೂ ಹಸು ಬದುಕತೊಡಗಿತು. ಕೃತಕ ಗರ್ಭಧಾರಣೆ ಬಂತು, ಒಂದೇ ಹೋರಿಯಿಂದ ಸಾವಿರಾರು ಕರು ಸಾಧ್ಯವಾಯಿತು. ಕೊಬ್ಬಿಲ್ಲದ ಮಾಂಸಕ್ಕೆ ಅಂಗಡಿಯವರು ಒಳ್ಳೆ ಬೆಲೆ ಕೊಟ್ಟರು. ರೈತರಿಗೆ ಆಪರೇಷನ್ ಖರ್ಚು ಕಳೆದರೂ ಲಾಭವೇ ಉಳಿಯುತ್ತಿತ್ತು. ಯಾರ ಲೆಕ್ಕವೂ ತಪ್ಪಿರಲಿಲ್ಲ. ಆ ಲೆಕ್ಕದಲ್ಲಿ ಹಸುವಿನ ನೋವಿಗೆ ಮಾತ್ರ ಒಂದು ಕಾಲಂ ಇರಲಿಲ್ಲ. ಕೆಲವೇ ದಶಕಗಳಲ್ಲಿ ಅಪರೂಪದ ಗುಣ ಇಡೀ ತಳಿಯ ಗುಣವಾಯಿತು.

ಕಾರಣ ಏನು ಅಂತ ಗೊತ್ತಾಗಿದ್ದು 1997ರಲ್ಲಿ. ಅಮೆರಿಕದಲ್ಲಿ ವಿಜ್ಞಾನಿಗಳಾದ ಅಲೆಕ್ಸಾಂಡ್ರಾ ಮೆಕ್‌ಫೆರಾನ್ ಮತ್ತು ಸೆ-ಜಿನ್ ಲೀ, ಇಲಿಗಳಲ್ಲಿ ಮಯೋಸ್ಟಾಟಿನ್ ಎಂಬ ಜೀನ್ ತೆಗೆದಾಗ ಸ್ನಾಯು ಎರಡು ಮೂರು ಪಟ್ಟು ಬೆಳೆಯಿತು. ಅದೇ ವರ್ಷ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಶೆಲ್ ಜಾರ್ಜ್ ತಂಡ ಬೆಲ್ಜಿಯನ್ ಬ್ಲೂನಲ್ಲಿ ಆ ಜೀನ್ ನೋಡಿತು. 11 ಡಿಎನ್ಎ ಅಕ್ಷರ ಉದುರಿಹೋಗಿದ್ದವು. ಮಯೋಸ್ಟಾಟಿನ್ನಿನ ಕೆಲಸ ಸ್ನಾಯುವಿಗೆ ‘ಇಷ್ಟು ಸಾಕು’ ಅನ್ನುವುದು. ಅದು ಕೆಟ್ಟರೆ ಗರ್ಭದಲ್ಲೇ ಸ್ನಾಯುವಿನ ಎಳೆಗಳ ಸಂಖ್ಯೆ ಹೆಚ್ಚುತ್ತದೆ. ಮಾಂಸ ಸುಮಾರು ಶೇ 20ರಷ್ಟು ಜಾಸ್ತಿ. ಆದರೆ ಕೆಲವು ಕರುಗಳ ನಾಲಿಗೆಯೂ ದಪ್ಪಗಾಗಿ, ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುವುದೇ ಕಷ್ಟವಾಗುತ್ತದೆ. ಇನ್ನೊಂದು ಸಂಕಟ ತಾಯಿಯದು. ಅದಕ್ಕೂ ಇದೇ ಜೀನ್ ಇರುವುದರಿಂದ ಅದರ ಸೊಂಟದ ದಾರಿಯೇ ಕಿರಿದು. ಕರು ದೊಡ್ಡದು, ಬಾಗಿಲು ಸಣ್ಣದು.

ಹಾಗಂತ ಜೀನ್ ಒಂದನ್ನೇ ದೂರುವ ಹಾಗಿಲ್ಲ. ಇಟಲಿಯ ಪಿಯೆಮೊಂಟೀಸ್ ತಳಿಯಲ್ಲೂ ಮಯೋಸ್ಟಾಟಿನ್ ಕೆಟ್ಟಿದೆ, ಅಲ್ಲಿ ಬದಲಾಗಿರುವುದು ಒಂದೇ ಅಕ್ಷರ. ಆ ಹಸುಗಳಲ್ಲಿ ಹೆಚ್ಚಿನವು ತಾವಾಗಿಯೇ ಕರು ಹಾಕುತ್ತವೆ. ಸುಲಭವಾಗಿ ಕರು ಹಾಕುವ ಹಸುಗಳನ್ನೇ ಅಲ್ಲಿನವರು ಆರಿಸುತ್ತಾ ಬಂದರು. ಬೆಲ್ಜಿಯಂನಲ್ಲಿ ಹಾಗೆ ಆರಿಸಲು ದಾರಿಯೇ ಮುಚ್ಚಿಹೋಗಿತ್ತು. ಎಲ್ಲ ಹಸುವಿಗೂ ಮೊದಲೇ ಆಪರೇಷನ್ ಮಾಡಿದರೆ, ಯಾವುದು ತಾನಾಗಿ ಕರು ಹಾಕಬಲ್ಲದು ಅಂತ ತಿಳಿಯುವುದಾದರೂ ಹೇಗೆ?

ಈಗ ಬೇರೆ ದೇಶಗಳಲ್ಲಿ ಈ ಹೋರಿಯ ವೀರ್ಯವನ್ನು ಹೋಲ್‌ಸ್ಟೀನ್ ಹಾಲಿನ ಹಸುಗಳಿಗೆ ಕೊಡುತ್ತಾರೆ. ಕರುವಿಗೆ ಕೆಟ್ಟ ಜೀನಿನ ಒಂದೇ ಪ್ರತಿ ಸಿಗುವುದರಿಂದ ಮೈ ಸ್ವಲ್ಪ ತುಂಬುತ್ತದೆ ಅಷ್ಟೇ, ಹೆಚ್ಚಿನವು ಸಹಜವಾಗಿಯೇ ಹುಟ್ಟುತ್ತವೆ. ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲಿ ಅಚ್ಚ ಬೆಲ್ಜಿಯನ್ ಬ್ಲೂ ಹಸುಗಳ ಸೊಂಟದ ಒಳ ಅಗಲವನ್ನು ಅಳೆದು, ಅಗಲ ಇರುವುದನ್ನು ಮುಂದಿನ ತಲೆಮಾರಿಗೆ ಉಳಿಸಿಕೊಳ್ಳುವ ಪ್ರಯತ್ನವೂ ನಡೆದಿದೆ.