ಓದಿಸಲು ಬಂದವರು, ಓದಲು ಬಾರದವರು

"ಮೇಡಂ, ಒಂದು ಕಥೆ ಬರೆದಿದ್ದೀನಿ. ಓದಿ ಅಭಿಪ್ರಾಯ ಹೇಳೋ ಬಳಗ ಯಾವುದಾದ್ರೂ ಇದ್ರೆ ಸೇರಿಸ್ತೀರಾ?"

ಈ ಮಾತಿಗೆ ನನ್ನದು ಒಂದೇ ಮರುಪ್ರಶ್ನೆ: "ನೀವು ಯಾರದನ್ನ ಓದ್ತೀರಿ?" ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಆಮೇಲೆ ಯಾರೋ ದೊಡ್ಡ ಲೇಖಕರ ಹೆಸರು ಬರುತ್ತದೆ. ನಾನು ಕೇಳಿದ್ದು ಅದಲ್ಲ. ನಿಮ್ಮ ಹಾಗೇ ಒದ್ದಾಡುತ್ತಾ ಬರೆಯುತ್ತಿರುವ ಇನ್ನೊಬ್ಬರ ಅರ್ಧಂಬರ್ಧ ಕರಡನ್ನು ಓದುತ್ತೀರಾ ಅಂತ.

ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಜೊತೆಗೆ ಕಥೆ ಬರೆಯುವವರ ಸಣ್ಣ ಬಳಗಗಳನ್ನೂ ನಡೆಸುತ್ತೇನೆ. ಬಳಗ ಒಡೆಯುವುದು ಜಗಳದಿಂದ, ಹೊಟ್ಟೆಕಿಚ್ಚಿನಿಂದ ಅಂತ ಜನ ತಿಳಿದಿದ್ದಾರೆ. ಅವೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಂಡ ಮಟ್ಟಿಗೆ ಹೆಚ್ಚಿನವು ಜಗಳವೇ ಇಲ್ಲದೆ ನಿಂತುಹೋಗುತ್ತವೆ. ಎಲ್ಲರಿಗೂ ಓದಿಸುವ ಆಸೆ, ಓದುವವರು ಮಾತ್ರ ಯಾರೂ ಇಲ್ಲ.

ಲೆಕ್ಕ ಸುಲಭ. ಆರು ಜನ ಇದ್ದೀರಿ ಅಂದುಕೊಳ್ಳಿ. ನಿಮ್ಮ ಒಂದು ಕಥೆಯನ್ನು ಐದು ಜನ ಓದಬೇಕಾದರೆ ನೀವು ಐದು ಕಥೆ ಓದಬೇಕು. ಒಂದೊಂದು 3,000 ಪದದ್ದಾದರೆ 15,000 ಪದ. ಸುಮ್ನೆ ಓದುಗರಾಗಿ ಒಂದು ಸಲ, ಪೆನ್ಸಿಲ್ ಹಿಡಿದು ಇನ್ನೊಂದು ಸಲ ಅಂದರೆ 30,000. ಇದು ಕೈಸಾಲ ಇದ್ದ ಹಾಗೆ. ಇಸಿದುಕೊಂಡವರು ವಾಪಸ್ ಕೊಡದಿದ್ದರೆ ಮುಂದಿನ ಸಲ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ.

ಒಬ್ಬ ಹುಡುಗನಿದ್ದ. ಚೆನ್ನಾಗಿ ಬರೆಯುತ್ತಿದ್ದ, ಮಾತೂ ಚೆನ್ನ. ಮೊದಲ ಸರದಿ ತಾನೇ ಕೇಳಿ ಹಾಕಿಸಿಕೊಂಡ. ಎಲ್ಲರೂ ಆಸೆಯಿಂದ ಓದಿದರು, ಪುಟಗಟ್ಟಲೆ ಬರೆದುಕೊಟ್ಟರು. ಮುಂದಿನ ಸಲ ಅವನಿಗೆ ಆಫೀಸ್ ಕೆಲಸ ಜಾಸ್ತಿ. ಅದರ ಮುಂದಿನ ಸಲ ಜ್ವರ. ಸರದಿ ಸುತ್ತಿ ಮತ್ತೆ ಅವನ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಹುಷಾರಾಗಿ ಹೊಸ ಕಥೆ ಕಳಿಸಿದ. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ "ಚೆನ್ನಾಗಿದೆ" ಅಂದರು. ಒಬ್ಬರೂ ಓದಿರಲಿಲ್ಲ.

ಇನ್ನು ಓದುವುದು ಅಂದರೆ ಏನು ಅನ್ನುವುದು. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಆದ್ದರಿಂದ ಮತ್ತೆ ಹೇಳುತ್ತೇನೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡಲು ನಿಮ್ಮನ್ನು ಯಾರೂ ಕರೆದಿಲ್ಲ. "ನಾನಾಗಿದ್ರೆ ಅಣ್ಣನ್ನ ಇಲ್ಲೇ ಸಾಯಿಸ್ತಿದ್ದೆ" ಅನ್ನಲೂ ಕರೆದಿಲ್ಲ. ಆ ಅಣ್ಣ ನಿಮ್ಮ ಕಥೆಯವನಲ್ಲ. ಓದುವಾಗ ನಿಮಗೆ ಏನಾಯಿತೋ ಅಷ್ಟನ್ನು ಹೇಳಿ. ಎಲ್ಲಿ ನಕ್ಕಿರಿ, ಎಲ್ಲಿ ಮಾತಾಡುತ್ತಿರುವುದು ಅಕ್ಕನೋ ತಂಗಿಯೋ ಗೊತ್ತಾಗದೆ ಹಿಂದಿನ ಪುಟಕ್ಕೆ ಹೋದಿರಿ, ಎಲ್ಲಿ ಬೇಜಾರಾಯಿತು. ಬೇಜಾರು ಯಾಕಾಯಿತು ಅಂತ ನಿಮಗೇ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಕಾರಣ ಹುಡುಕುವುದು ಬರೆದವರ ಕೆಲಸ, ಜಾಗ ತೋರಿಸುವುದು ನಿಮ್ಮದು.

ನಮ್ಮ ಬಳಗದಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದಾರೆ. ಒಬ್ಬರ ಕರಡಿನ ಏಳನೇ ಪುಟದ ಅಂಚಿನಲ್ಲಿ ಅವರು ಸಣ್ಣಗೆ ಬರೆದಿದ್ದರು: "ಇಲ್ಲಿ ಫೋನ್ ನೋಡಿದೆ." ಕಥೆಗಾರ್ತಿಗೆ ಸಿಟ್ಟು ಬಂತು, ಬರದೇ ಇರುತ್ತಾ? ಆಮೇಲೆ ಆ ಪುಟ ತೆಗೆದು ನೋಡಿದರೆ ಒಂದು ಪತ್ರ. ಐದನೇ ಪುಟದಲ್ಲಿ ನಾಯಕಿ ಬಾಯಲ್ಲಿ ಹೇಳಿದ್ದೆಲ್ಲ ಪತ್ರದಲ್ಲಿ ಮತ್ತೆ ಬಂದಿತ್ತು. ಪತ್ರ ಹೋಯಿತು, ಕೊನೆಯ ಎರಡು ಸಾಲು ಮಾತ್ರ ಉಳಿಯಿತು. ನನ್ನ ಕಸುಬಿನಲ್ಲಿ ಅಷ್ಟು ಉಪಯೋಗದ ಟಿಪ್ಪಣಿ ಅಪರೂಪ.

ನಿಮ್ಮದೇ ಕರಡಿನಲ್ಲಿ ಇಂಥ ಜಾಗ ನಿಮಗೆ ಕಾಣುವುದು ಕಷ್ಟ. ಬರೆಯದೆ ಬಿಟ್ಟದ್ದನ್ನೂ ತಲೆ ತಾನೇ ತುಂಬಿಕೊಂಡು ಓದುತ್ತದೆ. ಇನ್ನೊಬ್ಬರದರಲ್ಲಿ ತಟ್ಟನೆ ಕಾಣುತ್ತದೆ. ಆ ಟೀಚರ್ ತಮ್ಮ ಮುಂದಿನ ಕಥೆಯಲ್ಲಿ ಯಾರಿಂದಲೂ ಪತ್ರ ಬರೆಸಲಿಲ್ಲ!

ಒಬ್ಬರ ಕರಡನ್ನು ಇನ್ನೊಬ್ಬರು ಓದಿ ಹೇಳುವ ಈ ಪದ್ಧತಿ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. 1956ರಲ್ಲಿ ಡೇಮನ್ ನೈಟ್, ಜೂಡಿತ್ ಮೆರಿಲ್, ಜೇಮ್ಸ್ ಬ್ಲಿಶ್ ಸೇರಿ ಅಮೆರಿಕದ ಮಿಲ್ಫರ್ಡ್ ಅನ್ನುವ ಊರಲ್ಲಿ ವೈಜ್ಞಾನಿಕ ಕಥೆಗಾರರ ಕಮ್ಮಟ ಶುರು ಮಾಡಿದರು. ಸುತ್ತ ಕೂತವರು ಒಬ್ಬೊಬ್ಬರಾಗಿ ಮಾತಾಡಬೇಕು, ಕಥೆ ಬರೆದವರು ಅಲ್ಲಿಯವರೆಗೂ ಬಾಯಿ ಮುಚ್ಚಿಕೊಂಡಿರಬೇಕು, ಕೊನೆಗೆ ಅವರ ಉತ್ತರ. 1968ರಲ್ಲಿ ಶುರುವಾದ ಕ್ಲಾರಿಯನ್ ಕಮ್ಮಟವೂ ಇದನ್ನೇ ಹಿಡಿಯಿತು. ಇದರಲ್ಲಿ ಬರೆದವರನ್ನು ಎಲ್ಲರೂ ಸೇರಿ ಜಾಲಾಡುವ ಅಪಾಯವಿದೆ. ಅಂಜುಬುರುಕರಿದ್ದರೆ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ದಾರಿ ಮೇಲು. ಅಲ್ಲಿ ಮೊದಲು ಮನಸ್ಸಿಗೆ ತಟ್ಟಿದ್ದನ್ನು ಹೇಳುತ್ತಾರೆ. ಆಮೇಲೆ ಬರೆದವರೇ ಪ್ರಶ್ನೆ ಕೇಳುತ್ತಾರೆ. ನಂತರ ಕೇಳುಗರ ಸರದಿ, ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ಬಚ್ಚಿಡುವಂತಿಲ್ಲ. ಅಭಿಪ್ರಾಯ ಕೊನೆಗೆ, ಅದೂ "ಹೇಳಲಾ?" ಅಂತ ಅನುಮತಿ ಕೇಳಿ. ಯಾವುದು ಒಗ್ಗುತ್ತದೋ ನಿಮ್ಮ ಜನ ನೋಡಿ ತೀರ್ಮಾನಿಸಿ.

ಎಲ್ಲರಿಗೂ ಬಳಗ ಬೇಕು ಅಂತಲೂ ನಾನು ಹೇಳಲಾರೆ. ಕೆಲವರಿಗೆ ಒಬ್ಬ ಒಳ್ಳೆಯ ಓದುಗ ಸಾಕು. ಆಕ್ಸ್‌ಫರ್ಡ್‌ನ ಇಂಕ್ಲಿಂಗ್ಸ್ ಅನ್ನುವ ಲೇಖಕರ ಬಳಗದವರು ಗುರುವಾರ ರಾತ್ರಿ ಸಿ.ಎಸ್. ಲೂಯಿಸ್ ಕೋಣೆಯಲ್ಲಿ ಸೇರಿ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಲೂಯಿಸ್ ಹುರುಪು ತುಂಬದಿದ್ದರೆ ತಮ್ಮ ದೊಡ್ಡ ಕಾದಂಬರಿ "ದಿ ಲಾರ್ಡ್ ಆಫ್ ದ ರಿಂಗ್ಸ್" ಮುಗಿಯುತ್ತಲೇ ಇರಲಿಲ್ಲ ಅನ್ನುವ ಅರ್ಥದಲ್ಲಿ ಟೋಲ್ಕಿನ್ ಆಮೇಲೆ ಬರೆದಿದ್ದಾರೆ. ಅದೇ ಬಳಗದ ಹ್ಯೂಗೊ ಡೈಸನ್‌ಗೆ ಆ ಕಾದಂಬರಿ ಕಂಡರಾಗದು. 1947ರ ಹೊತ್ತಿಗೆ ಡೈಸನ್ ಬಂದರೆ ಟೋಲ್ಕಿನ್ ಓದು ನಿಲ್ಲಿಸುವಷ್ಟಾಯಿತು. ಒಂದೇ ಕೋಣೆ, ಒಂದೇ ಕಥೆ. ಹಾಗಾಗಿ ನಿಮ್ಮ ಬಳಗದಲ್ಲಿ ಒಬ್ಬರಿಗೆ ನಿಮ್ಮ ಬಗೆಯ ಕಥೆಯೇ ಆಗದಿದ್ದರೆ ಅವರನ್ನು ಒಲಿಸಿಕೊಳ್ಳಲು ಹೋಗಬೇಡಿ. ಅರ್ಧದಲ್ಲಿರುವ ಕರಡನ್ನಂತೂ ಅವರ ಕೈಗೆ ಕೊಡಲೇಬೇಡಿ.

ಈಚೆಗೆ ನಾನು ಹೊಸಬರಿಗೆ ಮೊದಲು ಇನ್ನೊಬ್ಬರ ಕಥೆ ಕಳಿಸುತ್ತೇನೆ, ಬರೆದವರ ಒಪ್ಪಿಗೆ ಪಡೆದು. ಟಿಪ್ಪಣಿ ಬಂದರೆ ಆ ಹೊಸಬರ ಕಥೆ ತೆಗೆದುಕೊಳ್ಳುತ್ತೇನೆ. ಎಷ್ಟೋ ಜನ ಅಲ್ಲಿಗೇ ಮಾಯ. ಉಳಿದವರನ್ನು ನಾಲ್ಕರಿಂದ ಆರು ಜನರ ಬಳಗಕ್ಕೆ ಹಾಕುತ್ತೇನೆ. ಅದಕ್ಕಿಂತ ಜಾಸ್ತಿಯಾದರೆ ಓದದೆ ಬಂದವರು ಗುಂಪಿನಲ್ಲಿ ಅಡಗಿಕೊಳ್ಳುತ್ತಾರೆ. ಹನ್ನೆರಡು ಜನ ಆಗಿಬಿಟ್ಟಿದ್ದರೆ ಎರಡು ಮಾಡಿ. ಮಾಡುವಾಗ ಆಪ್ತ ಗೆಳೆಯರನ್ನೆಲ್ಲ ಒಂದೇ ಕಡೆ ಹಾಕಬೇಡಿ, ಅವರು ಕಥೆ ಬಿಟ್ಟು ಬೇರೆಲ್ಲ ಮಾತಾಡುತ್ತಾರೆ.